ಅಂಗಾಲಿನ ಗುಂಡುಸೂಜಿ

ಇನ್ನೊಬ್ಬರ ತಲೆಯೊಳಗೆ ಹೊಕ್ಕು ಕಥೆ ಹೇಳುವುದು ಉದ್ಧಟತನವೇ, ಕ್ಷಮಿಸಿಬಿಡಿ — ಕೆಂಪು ತಲೆ, ಅಂಗಾಲಿನ ನಡುವೆ ಒಂದು ಗುಂಡುಸೂಜಿಯ ಕೆಂಪು ತಲೆ, ಮೆಣಸಿನ ಕಾಳಿನಷ್ಟು, ರೀ ಕಾಲು ಅಲ್ಲಾಡಿಸಬೇಡಿ ಎನ್ನುತ್ತಾ ಹೆಂಡತಿ ಬಗ್ಗಿದ್ದಾಳೆ, ದರ್ಜಿ ಹೊಲಿಗೆ ಮೆಷಿನ್ನಿನ ಮುಂದೆ ಕುಳಿತಲ್ಲೇ ಕುಳಿತಿದ್ದಾನೆ, ಯಾರದೋ ಪ್ಯಾಂಟಿನ ಅಂಚು ಅರ್ಧಕ್ಕೇ ನಿಂತಿದೆ, ನೋವಾಗ್ತಿಲ್ವಾ, ಇಲ್ಲ, ಸ್ವಲ್ಪಾನೂ, ಇಲ್ಲ ಅಂದೆನಲ್ಲೇ — ಯಾಕೆ ನೋಯುತ್ತಿಲ್ಲ, ನೋಯಬೇಕಲ್ಲವೇ, ಪಥ್ಯದಲ್ಲಿ ಅವನು ಏನು ಕಡಿಮೆ ಮಾಡಿದ್ದಾನೆ, ಆರು ತಿಂಗಳಿಂದ ಚಹಾಕ್ಕೆ ಸಕ್ಕರೆ ಇಲ್ಲ, ಒಂದು ಮಾತ್ರೆ ತಪ್ಪಿಸಿಲ್ಲ, ಅನ್ನ ಒಂದು ಹಿಡಿ, ಅರ್ಧ ತಟ್ಟೆ ತರಕಾರಿ, ಎದುರಂಗಡಿಯ ಕ್ಷೌರಿಕ ಏನಣ್ಣ ದನದ ಮೇವು ತಿಂತಿದೀಯ ಅಂತ ಛೇಡಿಸಿದ್ದನ್ನೂ ನುಂಗಿಕೊಂಡ, ಶುಗರ್ ಇಳಿಸೋಕೆ ನಡೀಬೇಕು ಎಂದಿದ್ದರು ಡಾಕ್ಟರಮ್ಮ, ಅವನೋ ವಾದಕ್ಕೇ ನಿಂತಿದ್ದ, ದಿನಕ್ಕೆ ಹತ್ತು ಗಂಟೆ ಪೆಡಲ್ ತುಳಿತೀನಿ ಮೇಡಂ, ನನ್ನ ಕಾಲು ಊರು ಸುತ್ತಿದಷ್ಟು ನಡೆದಿರುತ್ತೆ, ಆಕೆ ನಕ್ಕು, ನಡೆದಿರೋದು ಮೆಷಿನ್ನು ಯಜಮಾನ್ರೇ, ನೀವು ಕೂತೇ ಇದ್ರಿ ಎಂದಿದ್ದರು, ಆ ಮಾತಿಗೆ ಮುಖ ಕೆಂಪಾಗಿ ಮರುದಿನದಿಂದಲೇ ಬೆಳಿಗ್ಗೆ ನಲವತ್ತು ನಿಮಿಷ, ಬೂಟು ಹಾಕಿಕೊಂಡು ಮೈದಾನದ ಸುತ್ತ, ಇನ್ನೂರ ನಲವತ್ತು ಇದ್ದದ್ದು ನೂರ ನಲವತ್ತಕ್ಕೆ ಇಳಿದಾಗ ರಕ್ತಪರೀಕ್ಷೆಯ ಚೀಟಿಯನ್ನು ಅಂಗಡಿಯ ಕನ್ನಡಿಗೆ ಸಿಕ್ಕಿಸಿ ಬಂದವರಿಗೆಲ್ಲ ತೋರಿಸಿ — ಮತ್ತೆ ಆ ಕೆಂಪು ತಲೆ — ಡಾಕ್ಟರಮ್ಮ ಇನ್ನೊಂದು ಮಾತೂ ಹೇಳಿದ್ದರಲ್ಲ, ಕಾಯಿಲೆ ಹಳೇದು, ಪಾದದ ನರ ಮಂದ ಆಗಿದೆ, ಬರಿಗಾಲಲ್ಲಿ ಇರಬೇಡಿ, ದಿನಾ ಮಲಗೋ ಮುಂಚೆ ಅಂಗಾಲು ನೋಡ್ಕೊಳ್ಳಿ, ಗಾಯ ಆದ್ರೆ ನಿಮಗೆ ಗೊತ್ತಾಗಲ್ಲ, ಕೀವಾಗಿ ಒಳಗೆ ಇಳಿದ್ರೆ ಕಾಲು ಉಳಿಸೋದೇ ಕಷ್ಟ — ಎಲ್ಲ ಪಾಲಿಸಿ ಅದೊಂದನ್ನೇ ಬಿಟ್ಟ, ಚಪ್ಪಲಿ ಹಾಕಿ ತುಳಿದರೆ ಹೊಲಿಗೆ ಹಾವಿನ ಹಾಗೆ ಸೊಟ್ಟಗೆ ಓಡುತ್ತದೆ, ಮೂವತ್ತು ವರ್ಷದಿಂದ ಪೆಡಲಿನ ಮಾತು ಕೇಳಿದ್ದು ಬರಿಗಾಲೇ, ಈಚೆಗೂ ಕೇಳುತ್ತಿತ್ತೇ, ಇಲ್ಲ ಬರೀ ಅಭ್ಯಾಸಕ್ಕೆ ತುಳಿಯುತ್ತಿತ್ತೇ, ಅಂಗಾಲು ನೋಡೋಕೆ ನನಗೇನು ಲಾಳ ಹೊಡಿಸ್ತೀಯೇನೇ ಎಂದು ಇವಳನ್ನು ನಗಿಸಿದ್ದ, ಈಗ ಇವಳು ನಗುತ್ತಿಲ್ಲ, ಎಳೆಯುತ್ತಾಳೆ, ಬರುತ್ತದೆ, ಉದ್ದಕ್ಕೆ, ತುದಿಯವರೆಗೂ ಕಪ್ಪು, ಸುತ್ತಲ ಚರ್ಮ ಹಳದಿ, ಇದು ಇವತ್ತಿನದಲ್ಲ ರೀ, ಏಳಿ, ಆಸ್ಪತ್ರೆಗೆ ಹೋಗೋಣ — ಇವತ್ತಿನದಲ್ಲ, ಹಾಗಾದರೆ ಇವತ್ತು ಬೆಳಗಿನ ನಲವತ್ತು ನಿಮಿಷ, ನಿನ್ನೆಯ ನಲವತ್ತು, ಬೂಟಿನೊಳಗೆ, ಹೆಜ್ಜೆಹೆಜ್ಜೆಗೂ ತಾನೇ ತುಳಿದು ತುಳಿದು ಒಳಕ್ಕೆ — ಅವಳ ಬೆರಳುಗಳ ನಡುವೆ ಕೆಂಪು ತಲೆ. ಎಂದು ಚುಚ್ಚಿತೋ, ಅದರ ಮೇಲೆ ಎಷ್ಟು ದಿನ ನಡೆದನೋ, ಅವನಿಗೆ ಗೊತ್ತಿಲ್ಲ.