ಐದು ದಿನ ಕಳೆದ ಮೇಲೆ

ದರ್ಜಿ ಮನೆಯ ಕಿರಿಸೊಸೆ ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ. ಮುಂದೆ ಅಂಗಡಿ, ಹಿಂದೆ ಮನೆ. ದಿನವೆಲ್ಲ ನಾಲ್ಕು ಹೊಲಿಗೆ ಯಂತ್ರಗಳ ಸದ್ದು, ಮಾತು, ನಗು. ತಿಂಗಳಲ್ಲಿ ಐದು ದಿನ ಮಾತ್ರ ಅವಳ ಪಾಲಿಗೆ ಬಟ್ಟೆಗಂಟುಗಳ ಕೋಣೆ. ಮುಟ್ಟಾದವಳು ಹೊಸಿಲು ದಾಟಬಾರದು, ಗಂಡಸರೆದುರು ಆ ಮಾತೆತ್ತಬಾರದು. ಅತ್ತೆಯ ಅತ್ತೆಯೂ ಹಾಗೇ ನಡೆದುಕೊಂಡವರಂತೆ.

ಮದುವೆಯಾದ ಮರುವರ್ಷ, ಆ ದಿನಗಳಲ್ಲಿ ಅವಳ ಮೂಗಿನಿಂದಲೂ ರಕ್ತ ಹನಿಯತೊಡಗಿತು. ಅತ್ತೆ ಕಲ್ಲೆದೆಯವರಲ್ಲ, ಡಾಕ್ಟರಲ್ಲಿಗೆ ಕರೆದೊಯ್ದರು. ಆದರೆ ಐದು ದಿನ ಕಳೆದ ಮೇಲೆ. ಅಷ್ಟರಲ್ಲಿ ರಕ್ತ ನಿಂತಿರುತ್ತಿತ್ತು.

"ಯಾವಾಗ ಬರುತ್ತಮ್ಮ?" ಎಂದು ಡಾಕ್ಟರು ಸೊಸೆಯನ್ನು ಕೇಳಿದರೆ ಉತ್ತರ ಅತ್ತೆಯದು: "ಬಿಸ್ಲಲ್ಲಿ ಓಡಾಡಿದ್ರೆ ಬರುತ್ತೆ, ಡಾಕ್ಟ್ರೇ."

ಎರಡು ವರ್ಷದಲ್ಲಿ ಮೂರು ಸಲ ಹೋದಾಗಲೂ ಡಾಕ್ಟರು ಮೂಗಿಗೆ ಹನಿ ಹಾಕುವ ಔಷಧಿ ಬರೆದು ಕಳಿಸಿದರು.

"ಕೆಲ್ಸ ಜಾಸ್ತಿ ಇದ್ದಾಗ ಅತ್ತಿಗೆ ಮೂಗಿಗೂ ರಜಾ ಬೇಕು ನೋಡಿ!" ಎಂದಳು ನಾದಿನಿ. ಗಂಡನೂ ನಕ್ಕ. ಗೋಡೆಯಾಚೆ ಅವಳಿಗೆ ಕೇಳಿಸಿತು.

ಒಂದು ತಿಂಗಳು ಟವೆಲು ತೊಯ್ದುಹೋಗಿ ಕಣ್ಣು ಕತ್ತಲಿಟ್ಟಿತು. ಗೋಡೆ ಬಡಿದಳು. ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ತಾನು ಸತ್ತರೂ ಐದು ದಿನ ಕಳೆದ ಮೇಲೆಯೇ ಇವರಿಗೆ ತಿಳಿಯುವುದೇನೋ ಅನ್ನಿಸಿತು.

ಮುಂದಿನ ತಿಂಗಳು, ಎರಡನೆಯ ದಿನ, ಅವಳು ಮೂಗಿಗೆ ಟವೆಲು ಒತ್ತಿಕೊಂಡು ಹೊರಗೆ ಬಂದಳು.

"ಮಾನ ಮರ್ಯಾದೆ ಇಲ್ವೇನೇ? ಮೂರು ದಿನ ತಡ್ಕೋ, ನಾನೇ ಕರ್ಕೊಂಡು ಹೋಗ್ತೀನಿ!" ಅತ್ತೆ ಅಡ್ಡ ನಿಂತರು.

"ಆಮೇಲೆ ತೋರಿಸೋಕೆ ಏನಿರುತ್ತೆ ಅತ್ತೆ? ರಕ್ತ ಇರೋವಾಗ್ಲೇ ನೋಡ್ಬೇಕಲ್ವಾ?"

"ಈಗ ಹೊಸಿಲು ದಾಟಿದ್ರೆ ವಾಪಸ್ ಬರ್ಬೇಡ."

ಗಂಡ ಕತ್ತರಿ ಹಿಡಿದು ಬಟ್ಟೆಯನ್ನೇ ನೋಡುತ್ತಿದ್ದ. ಅವಳು ದಾಟಿದಳು.

ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದವರು ಸರಿದು ಕೂತರು. ಒಳಗೆ, ಡಾಕ್ಟರು ಕೇಳುವ ಮೊದಲೇ ಅವಳೆಂದಳು: "ಡಾಕ್ಟ್ರೇ, ಬಿಸಿಲಿಗಲ್ಲ. ಮುಟ್ಟಾದಾಗ ಮಾತ್ರ ಬರುತ್ತೆ. ಪ್ರತಿ ತಿಂಗಳೂ."

ಡಾಕ್ಟರು ಬಹಳ ಹೊತ್ತು ಮೂಗಿನೊಳಗೆ ನೋಡಿದರು. "ಅಪರೂಪ, ಆದ್ರೆ ಹೀಗೂ ಆಗುತ್ತೆ. ಗರ್ಭಕೋಶದ ಒಳಪದರದಂಥದ್ದೇ ಬೇರೆ ಕಡೆ ಬೆಳೆದ್ರೆ ಅಲ್ಲೂ ರಕ್ತ ಬರುತ್ತೆ. ಪರೀಕ್ಷೆ ಮಾಡೋಣ, ಚಿಕಿತ್ಸೆ ಇದೆ. ಎರಡು ವರ್ಷ ಯಾಕಮ್ಮ ಹೇಳ್ಲಿಲ್ಲ?"

ಅವಳು ಪರೀಕ್ಷೆಯ ಚೀಟಿ ಮಡಿಚಿಕೊಂಡು ಎದ್ದಳು.

ಹಿಂತಿರುಗಿದಾಗ ಮನೆಯ ಬಾಗಿಲಿಗೆ ಅಗುಳಿ ಬಿದ್ದಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಅಳತೆ ಕೊಡಲು ಬಂದ ಮೇಷ್ಟ್ರು ರಕ್ತದ ಟವೆಲು ನೋಡಿ ಗಾಬರಿಯಾದರು: "ಏನಮ್ಮ, ಬಿದ್ದು ಬಿಟ್ಯಾ?"

"ಇಲ್ಲ ಮೇಷ್ಟ್ರೇ. ಮುಟ್ಟಾಗಿದೀನಿ. ಆಗ ಮೂಗಲ್ಲೂ ರಕ್ತ ಬರುತ್ತೆ. ಡಾಕ್ಟರಿಗೆ ತೋರಿಸ್ಕೊಂಡು ಬಂದೆ."

ಮೇಷ್ಟ್ರು ಮುಖ ತಿರುಗಿಸಿ ಒಳಗೆ ಹೋದರು. ಅವಳು ಕೂತೇ ಇದ್ದಳು, ಬೀದಿಗೆ ಮುಖ ಮಾಡಿ. ಇನ್ನೊಬ್ಬರು ಕೇಳಿದರೂ ಅದನ್ನೇ ಹೇಳುವವಳಿದ್ದಳು.