ಮಾಲಿನಿಯ ಹೆಬ್ಬೆಟ್ಟು

ಹೊಟ್ಟೆಯ ಸ್ಕ್ಯಾನಿಂಗ್ ಎಂದು ಹೇಳಿಯೇ ಚನ್ನಾಜಮ್ಮ ಮಗಳನ್ನು ಕುಂತೂರಿನಿಂದ ಕೊಳ್ಳೇಗಾಲದ ಒಂದು ನರ್ಸಿಂಗ್ ಹೋಮಿಗೆ ಕರೆತಂದಿದ್ದಳು. ಮಾಲಿನಿಗೆ ಇಪ್ಪತ್ತಮೂರು, ಹುಟ್ಟಿನಿಂದ ಕಣ್ಣು ಕಾಣದು. ಮುಟ್ಟಾದಾಗ ಎರಡು ದಿನ ನೋವಿನಿಂದ ಒದ್ದಾಡುತ್ತಿದ್ದಳು. ಅದಕ್ಕೇ ಇರಬೇಕೆಂದು ನಂಬಿ ಬಂದಿದ್ದಳು.

ಆದರೆ ಬೆಳಿಗ್ಗೆಯಿಂದ ಅವ್ವ ಒಂದು ಲೋಟ ಕಾಫಿಯನ್ನೂ ಕೊಟ್ಟಿರಲಿಲ್ಲ. ಈಗ ನರ್ಸು ಬಂದು ಬಳೆ ತೆಗೆಸಿ, ಬೆನ್ನ ಹಿಂದೆ ದಾರ ಕಟ್ಟುವ ಅಂಗಿ ತೊಡಿಸಿದಳು. ಸ್ಕ್ಯಾನಿಂಗಿಗೆ ಬಳೆ ಯಾಕೆ ಬಿಚ್ಚಬೇಕು? ಮಾಲಿನಿ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವ್ವ ಅವಳ ಹೆಬ್ಬೆರಳನ್ನು ತಣ್ಣಗಿನ ಇಂಕ್ ಪ್ಯಾಡಿಗೆ ಒತ್ತಿದಳು.

“ಏನವ್ವ ಇದು?”

“ಸುಮ್ಕೆ ಒತ್ತು ಮಗ. ರೂಲ್ಸು.”

“ನಂಗೆ ಸೈನ್ ಆಕಕ್ಕೆ ಬತ್ತದೆ. ಏನ್ ಬರ್ದದೆ, ಮೊದ್ಲು ಓದು.”

ಚನ್ನಾಜಮ್ಮ ಅವಳ ಹೆಬ್ಬೆರಳನ್ನು ಕಾಗದದತ್ತ ಎಳೆದಳು. ಮಾಲಿನಿ ಕೈ ಕಿತ್ತುಕೊಂಡು ಮುಷ್ಟಿ ಬಿಗಿದಳು. “ಸಿಸ್ಟರ್, ನೀವು ಓದಿ.”

“ಗರ್ಭಕೋಶ ತೆಗೆಯೋ ಆಪರೇಷನ್‌ಗೆ ಒಪ್ಪಿಗೆ,” ಎಂದ ನರ್ಸು ತಡವರಿಸಿದಳು. “ನಿಮ್ಗೆ ಹೇಳಿಲ್ವಾ?”

ಮಾಲಿನಿ ಅವ್ವನ ಕಡೆ ತಿರುಗಿದಳು.

“ಪಕ್ದೂರಲ್ಲಿ ಆ ಮೂಗಿ ಉಡ್ಗಿಗೆ ಏನಾಯ್ತು ಕೇಳ್ನಿಲ್ವಾ?” ಅವ್ವ ಅವಳ ಮುಷ್ಟಿ ಹಿಡಿದಳು. “ಐದು ತಿಂಗ್ಳು ತುಂಬಗಂಟ ಯಾರ್ಗೂ ಗೊತ್ತಾಗ್ನಿಲ್ಲ. ನಾ ಕಬ್ಬಿನ್ ಗದ್ದೆಗೋದ್ರೆ ನೀ ಒಬ್ಳೇ ಇರ್ತೀಯ. ಯಾವನಾರ ನುಗ್ಗುದ್ರೆ?”

“ನುಗ್ಗೋನು ಗರ್ಭಕೋಶ ಇಲ್ಲ ಅಂತ ವಾಪಸ್ ಓಯ್ತಾನಾ? ನಿಮ್ ಮಾನ ಉಳಿತದೆ, ನಾನಲ್ಲ! ನನ್ ಫೋನ್ ಕೊಡು.”

ಫೋನು ಅವ್ವನ ಬ್ಯಾಗಿನಲ್ಲಿತ್ತು. ಅವಳು ಕೊಡಲಿಲ್ಲ.

ಮಾಲಿನಿ ಮಂಚದಿಂದ ಧುಮುಕಿದಳು. ಅದೇ ಅಂಗಿಯಲ್ಲಿ, ಬರಿಗಾಲಲ್ಲಿ, ಗೋಡೆ ತಡವುತ್ತಾ ಬಾಗಿಲಿಗೆ ಬಂದು ಕೂಗಿದಳು: “ನಾ ಒಪ್ಪಿಲ್ಲ! ನಂಗೆ ಆಪರೇಷನ್ ಬ್ಯಾಡ!” ಹೊರಗೆ ಕುಳಿತಿದ್ದವರ ಮಾತು ನಿಂತಿತು.

ಡಾಕ್ಟರಮ್ಮ ಓಡಿ ಬಂದರು. “ನೋಡಮ್ಮ, ನಿಮ್ಮಂಥೋರಿಗೆ ಇದೇ ಅನುಕೂಲ.”

“ಕಣ್ಣಿರೋ ಉಡ್ಗಿ ಒಟ್ಟೆನೋವು ಅಂತ ಬಂದ್ರೂ ಇದೇ ಮಾಡ್ತೀರಾ ಮೇಡಂ?”

ಡಾಕ್ಟರಮ್ಮ ನರ್ಸಿನತ್ತ ತಿರುಗಿದರು. “ಬಟ್ಟೆ ಕೊಟ್ಟು ಕಳಿಸಿ ಸಿಸ್ಟರ್,” ಎಂದರು.

ನಿಲ್ದಾಣದಲ್ಲಿ ನಿಂತಿದ್ದ ಬಸ್ಸಿನಲ್ಲಿ ಕುಳಿತಾಗ ಚನ್ನಾಜಮ್ಮ ಅಳುತ್ತಿದ್ದಳು. “ನಾ ಸತ್ಮೇಲೆ ನಿಂಗ್ಯಾರವ್ವ?”

“ಗೊತ್ತಿಲ್ಲ. ಮನೆ ಬಾಗ್ಲಿಗೆ ಒಳಗಡೆ ಚಿಲ್ಕ ಆಕ್ಸು ಮೊದ್ಲು. ಮುರ್ದೋಗಿ ಎರಡು ವರ್ಸ ಆಯ್ತು.”

ಅವ್ವ ದಡಕ್ಕನೆ ಇಳಿದುಹೋದಳು. ಬಸ್ಸು ಹೊರಡುವಷ್ಟರಲ್ಲಿ ಕಾಗದದಲ್ಲಿ ಸುತ್ತಿದ ಕಬ್ಬಿಣದ ಚಿಲಕವೊಂದನ್ನು ತಂದು ಮಗಳ ಮಡಿಲಿಗಿಟ್ಟಳು.

ಸಂಜೆಯೇ ಬಡಗಿ ಬಂದು ಅದನ್ನು ಜಡಿದುಹೋದ. ಆದರೆ ಎಷ್ಟೋ ತಿಂಗಳು, ಅವ್ವ ಕೊಟ್ಟ ಜ್ವರದ ಮಾತ್ರೆಯನ್ನೂ ಮಾಲಿನಿ ಹೆಸರು ಕೇಳದೆ ನುಂಗುತ್ತಿರಲಿಲ್ಲ. ಚನ್ನಾಜಮ್ಮ ಪ್ರತಿ ಸಲವೂ ಅಕ್ಷರ ಕೂಡಿಸಿ ಓದಿ ಹೇಳುತ್ತಿದ್ದಳು.