ಪಕ್ಕದ ಗೇಟು

ತನ್ನ ದನಿಯ ಬಗ್ಗೆ ಮಲ್ಲಿಕಾಗೆ ಮೊದಲಿನಿಂದಲೂ ಅಳುಕು. ‘ನಾ ಮಾತಾಡಿದ್ದು ನನಗಷ್ಟ ಕೇಳಸ್ತೈತಿ’ ಎಂದು ಆ ಬೆಳಿಗ್ಗೆಯೂ ಡೈರಿಯಲ್ಲಿ ಬರೆದುಕೊಂಡಿದ್ದಳು. ಹಂಸಭಾವಿಯ ಹುಡುಗಿ, ಬಿ.ಎಸ್ಸಿ. ಮುಗಿಸಿ, ಹಾನಗಲ್ಲಿನ ಕಡೆಯ ಸಣ್ಣ ಊರೊಂದರ ಕೊಳಚೆ ನೀರಿನ ಘಟಕದಲ್ಲಿ ನೀರು ಪರೀಕ್ಷಿಸುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು.

ಊರಿನ ಬಚ್ಚಲು, ಪಾಯಿಖಾನೆಗಳ ನೀರೆಲ್ಲ ಅಲ್ಲಿನ ಆಳವಾದ ತೊಟ್ಟಿಗೆ ಬಂದು ಬೀಳುತ್ತಿತ್ತು. ಬ್ಲೋವರ್ ಯಂತ್ರ ಹಗಲಿರುಳು ಗರ್ಜಿಸುತ್ತ ತೊಟ್ಟಿಯ ತಳದಿಂದ ಗಾಳಿ ಊದುತ್ತಿತ್ತು. ಆ ಗಾಳಿಯಲ್ಲಿ ಬದುಕುವ ಜೀವಾಣುಗಳು ಹೊಲಸು ತಿಂದಾದ ಮೇಲೆ ತಿಳಿನೀರು ಹಳ್ಳಕ್ಕಿಳಿದು ವರದಾ ಹೊಳೆ ಸೇರುತ್ತಿತ್ತು. ಆಪರೇಟರ್ ಪರಮೇಶ್ವರಪ್ಪ ಆ ಜೀವಾಣುಗಳನ್ನು ದನ ಎಂದೇ ಕರೆಯುತ್ತಿದ್ದ. “ನಮ್ಮ ದನಾ ಸತ್ರ ಹೊಳಿ ಸತ್ತಂಗ ನೋಡವ್ವ.”

ಹಿಂದಿನ ದಿನ ಮಧ್ಯಾಹ್ನ ಬರುವ ನೀರಿನಲ್ಲಿ ಮೂಗು ಸುಡುವ ಹುಳಿವಾಸನೆಯೆದ್ದಿತ್ತು. ಯಾವನೋ ಟ್ಯಾಂಕರಿನವನು ಚರಂಡಿಗೆ ಆಸಿಡ್ ಸುರಿದಿದ್ದ. ಪರಮೇಶ್ವರಪ್ಪನನ್ನು ಕೂಗಿದ್ದರೆ ಅವನು ನೀರನ್ನು ಖಾಲಿ ಗುಂಡಿಗೆ ತಿರುಗಿಸಿ ಸುಣ್ಣ ಹಾಕುತ್ತಿದ್ದ. ಆದರೆ ಅವನು ರೊಟ್ಟಿ ಬಿಚ್ಚಿಕೊಂಡು ಕೂತಿದ್ದ. ಎಬ್ಬಿಸಲು ಅವಳಿಗೆ ಸಂಕೋಚ. ದನ ಉಳಿಯಲಿ ಎಂದು ತಾನೇ ತೊಟ್ಟಿಯ ಪಕ್ಕದ ಗೇಟಿನ ಚಕ್ರ ತಿರುವಿ ಆಸಿಡ್ ನೀರನ್ನೆಲ್ಲ ನೇರ ಹಳ್ಳಕ್ಕೆ ಬಿಟ್ಟಳು. ಎರಡು ತಾಸಿನ ಮೇಲೆ ಮುಚ್ಚಿದಳು. ಲಾಗ್ ಬುಕ್ಕಿನಲ್ಲಿ ಬರೆಯಬೇಕಾದ್ದನ್ನು ಡೈರಿಯಲ್ಲಿ ಬರೆದಳು.

ಈಗ ಕಾಂಪೌಂಡಿನ ಬಾಗಿಲ ಬೀಗ ಮುರಿದು ಹತ್ತು ಜನ ಆಪರೇಟರನ ಕೋಣೆಗೆ ನುಗ್ಗಿದ್ದರು. ಮುಂದೆ ಕೆಳಗಿನ ಹಳ್ಳಿಯ ಶಂಭುಲಿಂಗ, ಕೈಯಲ್ಲಿ ಎಮ್ಮೆ ಕಟ್ಟುವ ಗೂಟ.

“ನನ್ನ ಎರಡೂ ಎಮ್ಮಿ ಬಾಯಾಗ ನೊರಿ ಕಾರಿ ಸತ್ತಾವಲೇ! ಏನ್ ಬಿಟ್ಟಿ ಹಳ್ಳಕ್ಕ?”

“ದೇವರಾಣಿ, ನನಗ ಗೊತ್ತಿಲ್ರಿ. ಪುಸ್ತಕ ನೋಡ್ರಿ ಬೇಕಾರ.” ಪರಮೇಶ್ವರಪ್ಪ ಲಾಗ್ ಬುಕ್ ತೆರೆದ. ನಿನ್ನೆಯ ಪುಟ ಖಾಲಿ.

“ಬರಿಯಾಕ ಕೈ ಬರಲಿಲ್ಲೇನ್ ಸಾಹೇಬ್ರಿಗೆ?” ಎಂದವನೇ ಶಂಭುಲಿಂಗ ಗೂಟ ಬೀಸಿದ. ದವಡೆಗೆ ಬಿತ್ತು. ಎರಡು ಹಲ್ಲು ಆ ಖಾಲಿ ಪುಟದ ಮೇಲೆಯೇ ಉದುರಿದವು. ಬಿದ್ದವನ ಪಕ್ಕೆಗೆ ಒಬ್ಬ ಒದ್ದ, ಇನ್ನೊಬ್ಬ ಬೆರಳು ತುಳಿದ. ಪಕ್ಕೆಲುಬು ಲಟಕ್ಕೆಂದದ್ದು ಬಾಗಿಲ ಮರೆಯಲ್ಲಿದ್ದ ಮಲ್ಲಿಕಾಗೆ ಕೇಳಿಸಿತು.

“ತೊಟ್ಟ್ಯಾಗ ಒಗೀರಿ! ಕುಡೀಲಿ, ಗೊತ್ತಾಕ್ಕತಿ.”

ಕಾಲು ಹಿಡಿದು ಕೋಣೆಯಿಂದ ತೊಟ್ಟಿಯ ಕಡೆ ಎಳೆದರು. ಸಿಮೆಂಟಿನ ಮೇಲೆ ರಕ್ತದ ಪಟ್ಟಿ ಮೂಡಿತು. ಗಾಳಿ ಕುದಿಯುವ ಆ ನೀರಿನಲ್ಲಿ ಈಜು ಬಲ್ಲವನೂ ತೇಲಲಾರ, ಕಲ್ಲಿನಂತೆ ಕೆಳಗಿಳಿಯುತ್ತಾನೆ. ಮೊದಲ ದಿನವೇ ಮಲ್ಲಿಕಾಗೆ ಅದನ್ನು ಹೇಳಿಕೊಟ್ಟವನು ಪರಮೇಶ್ವರಪ್ಪನೇ.

“ಬ್ಯಾಡ್ರಿ... ಅವರಲ್ಲರಿ...”

ಬ್ಲೋವರಿನ ಸದ್ದಿನಲ್ಲಿ ಅವಳ ಮಾತು ಮುಳುಗಿತು. ಒಬ್ಬನ ತೋಳು ಹಿಡಿಯಹೋದವಳ ಮುಖಕ್ಕೆ ಯಾರದೋ ಮೊಣಕೈ ಬಡಿಯಿತು. ಕಣ್ಣಿಗೆ ಕತ್ತಲೆ ಕವಿಯಿತು. ಬಾಯಿ ತುಂಬ ಉಪ್ಪುರುಚಿ. ತಡವರಿಸುತ್ತ ಎದ್ದು ನೋಡಿದರೆ, ಪರಮೇಶ್ವರಪ್ಪನನ್ನು ತೊಟ್ಟಿಯ ಅಂಚಿನ ಕಟಾಂಜನದ ಮೇಲೆ ಎತ್ತಿ ಹಿಡಿದಿದ್ದರು. ಅವನ ಅರ್ಧ ಮೈ ನೀರಿನ ಮೇಲೆ ಜೋಲುತ್ತಿತ್ತು.

ಅವಳು ಅವರ ಕಡೆ ಓಡಲಿಲ್ಲ. ಪ್ಯಾನೆಲ್ಲಿಗೆ ಓಡಿ ಬ್ಲೋವರ್ ನಿಲ್ಲಿಸುವ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು.

ಗರ್ಜನೆ ನಿಂತಿತು. ಕುದಿಯುತ್ತಿದ್ದ ತೊಟ್ಟಿ ಗುಳುಗುಳು ಎನ್ನುತ್ತ ಮಟ್ಟಸವಾಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಅಲ್ಲಿ ಹಳ್ಳದ ನೀರಿನ ಸದ್ದು ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ಶಂಭುಲಿಂಗನ ಕೈಯ ಗೂಟದ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಒಡೆದ ತುಟಿ ಒರೆಸಿಕೊಂಡು, ನೆಲ ನೋಡದೆ, ಅವನನ್ನೇ ನೋಡುತ್ತ ಅವಳೆಂದಳು:

“ಹಳ್ಳದ ಗೇಟ್ ತಗದಾಕಿ ನಾನು.”